ಮೂರನೇ ಮಹಡಿಯ ಕೆಂಪು ದೀಪ

ಊಟದ ಹೊತ್ತು ಮುಗಿದು ಚಹಾದ ಹೊತ್ತು ಇನ್ನೂ ಬಾರದ ನಡುವಿನ ವೇಳೆಯಲ್ಲಿ ಇಡೀ ಕಟ್ಟಡಕ್ಕೇ ಜೊಂಪು ಹತ್ತುತ್ತಿತ್ತು. ಮೆಟ್ಟಿಲುಗಳ ಮೇಲೆ ಬಿಸಿಲು ಕಾಲು ಚಾಚಿಕೊಂಡು ಬಿದ್ದಿರುತ್ತಿತ್ತು. ಯಾರದೋ ಮನೆಯ ಪರದೆ ಉಬ್ಬಿ, ಇಳಿದು, ಮತ್ತೆ ಉಬ್ಬುತ್ತಿತ್ತು. ಅಂಥದೊಂದು ಮಧ್ಯಾಹ್ನ ಡ್ರಾಯಿಂಗ್ ಮೇಷ್ಟ್ರು ಹೆಡ್‌ಮಿಸ್ಸಮ್ಮನ ಮನೆಯ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಯಾವ ಕುಂಚಕ್ಕೂ ಸಿಗದ ಒಂದು ನೀಲಿಯ ಕನಸು ಕಾಣುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು.

ಬಂದವನು ಇಂಟರ್ನೆಟ್ ಕಂಪನಿಯ ಲೈನ್‌ಮನ್. ಹೆಗಲಿಗೆ ತಂತಿಯ ಸುರುಳಿ ನೇತುಹಾಕಿಕೊಂಡೇ ಒಳಗೆ ಬಂದು, ಕೂರಲೋ ಬೇಡವೋ ಎಂದು ನಿಂತ. ಹೆಡ್‌ಮಿಸ್ಸಮ್ಮ ಕಣ್ಣಲ್ಲೇ ಸ್ಟೂಲು ತೋರಿಸಿದರು.

"ಮೇಡಂ, ಮೂರನೇ ಮಹಡೀಲಿ ಯಾರೋ ನನ್ನ ಹೊಟ್ಟೆ ಮೇಲೆ ಹೊಡೀತಿದ್ದಾರೆ. ಯಾರು ಅಂತ ಮಾತ್ರ ಗೊತ್ತಾಗ್ತಿಲ್ಲ," ಎಂದ.

ಊರಲ್ಲಿ ಪೊಲೀಸರಿಲ್ಲವೇ ಎಂದು ಹೊಸಬರು ಕೇಳಬಹುದು. ಇದ್ದರು. ಆದರೆ ಆ ಕಟ್ಟಡದವರು ಏನೇ ಎಡವಟ್ಟಾದರೂ ಮೊದಲು ನೆಲಮಹಡಿಯ ಈ ಮನೆಯ ಬಾಗಿಲಿಗೇ ಬರುತ್ತಿದ್ದರು. ನಿವೃತ್ತರಾಗುವ ತನಕ ಹೆಡ್‌ಮಿಸ್ಸಮ್ಮ ಶಾಲೆ ನಡೆಸಿದವರು, ಮಕ್ಕಳ ಕಳ್ಳತನ, ಚಾಡಿ, ಕಳ್ಳ ಹೊಟ್ಟೆನೋವು ಎಲ್ಲವನ್ನೂ ಅರೆದು ಕುಡಿದವರು. ಅದೇ ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದ ಮೇಷ್ಟ್ರು ಈಗ ಎದುರು ಮನೆಯಲ್ಲಿದ್ದರು. ಹೆಡ್‌ಮಿಸ್ಸಮ್ಮನ ಪತ್ತೇದಾರಿಕೆಗೆ ತಾನೇ ಬಲಗೈ ಎಂದು ಮೇಷ್ಟ್ರು ನಂಬಿದ್ದರು. ಆ ಬಲಗೈ ಬಹುಪಾಲು ಗಲ್ಲಕ್ಕೆ ಆನಿಕೊಂಡು ತೂಕಡಿಸುತ್ತಿತ್ತು ಎಂಬುದು ಬೇರೆ ಮಾತು.

ಲೈನ್‌ಮನ್ ಹೇಳಿದ ಸಂಗತಿ ಇಷ್ಟು. ಮೂರನೇ ಮಹಡಿಯ ಮನೆಯಲ್ಲಿ ಒಮ್ಮೆ ಗಾಳಿಗೆ ತಂತಿ ಹರಿದಿತ್ತು. ಇವನು ಬಂದು ಹೊಸ ತಂತಿ ಎಳೆದು ಸರಿ ಮಾಡಿದ. ಅಲ್ಲಿಂದಾಚೆಗೆ ಪ್ರತಿ ಸಲ ವಾರ ತುಂಬುವುದರೊಳಗೆ ಒಂದು ಮಧ್ಯಾಹ್ನ ಇಂಟರ್ನೆಟ್ ಡಬ್ಬಿಯ ಮೇಲೆ ಕೆಂಪು ದೀಪ ಹತ್ತುತ್ತದೆ, ದೂರು ಹೋಗುತ್ತದೆ. ಇವನು ಓಡಿ ಬರುವ ಹೊತ್ತಿಗೆ ದೀಪ ಹಸಿರಾಗಿರುತ್ತದೆ. ತಂತಿ ನೆಟ್ಟಗಿದೆ, ಡಬ್ಬಿ ನೆಟ್ಟಗಿದೆ. ಯಾರಾದರೂ ಕಿತ್ತರೆ ತಿಳಿಯಲಿ ಎಂದು ಡಬ್ಬಿಯ ಪಿನ್ನಿಗೆ ನೀಲಿ ಟೇಪು ಸುತ್ತಿ ಬಂದ, ಟೇಪು ಸುತ್ತಿದಂತೆಯೇ ಇದೆ, ಲೈನು ಮಾತ್ರ ಮತ್ತೆ ಹೋಗಿದೆ. ಒಂದೇ ಮನೆಯಿಂದ ದೂರು ಮೇಲಿಂದ ಮೇಲೆ ಬಂದರೆ ಕಂಪನಿಯಲ್ಲಿ ಅದು ಲೈನ್‌ಮನ್ನನ ತಲೆಗೇ ಬರುತ್ತದೆ. ಇನ್ನೊಂದು ದೂರು ಬಂದರೆ ಕೆಲಸ ಬಿಟ್ಟು ಹೊರಡು ಎಂದು ಮೇಲ್ವಿಚಾರಕರು ಹೇಳಿಬಿಟ್ಟಿದ್ದಾರೆ. ಹೆಂಡತಿಗೆ ದಿನ ತುಂಬುತ್ತಿದೆ, ಅವಳು ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಿದ್ದಾಳೆ.

"ಆ ಮನೆಯವರ ಜೊತೆ ನಿಂಗೇನಾದ್ರೂ ಜಗಳ?" ಎಂದು ಹೆಡ್‌ಮಿಸ್ಸಮ್ಮ ಕೇಳಿದರು.

ಜಗಳ ಎಲ್ಲಿಂದ ಬಂತು, ಆ ಮನೆಯ ಅಜ್ಜಿ ಹೋದಾಗಲೆಲ್ಲ ಚಹಾ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸುತ್ತಾರೆ ಎಂದ. ತಂತಿಯ ಒಳಗೆ ಏನಿರುತ್ತದೆ ಎಂದು ಅಜ್ಜಿ ಒಮ್ಮೆ ಕೇಳಿದ್ದರಂತೆ. ಒಳಗೆ ಗಾಜಿನ ಎಳೆ, ಅದರೊಳಗೆ ಬೆಳಕು ಹರಿಯುತ್ತದೆ, ಜೋರಾಗಿ ಮಡಿಚಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ, ಅದಕ್ಕೇ ಯಾರೂ ಮಡಿಚಬಾರದು ಎಂದು ಇವನು ಎಲ್ಲ ಮನೆಗಳಲ್ಲೂ ಹೇಳುವಂತೆ ಅಲ್ಲೂ ಹೇಳಿದ್ದ.

ಬೆಳಕು ಹರಿಯುವ ತಂತಿ ಎಂದ ಕೂಡಲೇ ಮೇಷ್ಟರ ಮನಸ್ಸು ಎಲ್ಲೋ ಹೊರಟುಹೋಯಿತು. ಊರ ತುಂಬ ಗೋಡೆಗಳೊಳಗೆ ಬೆಳಕಿನ ಎಳೆಗಳು ಓಡಾಡುತ್ತಿರುವುದು, ಮಲಗಿದ ಮನೆಗಳ ತಲೆಯ ಮೇಲೆ ಮಾತುಗಳು ಮಿನುಗುತ್ತ ಹೋಗುವುದು ಅವರಿಗೆ ಕಾಣತೊಡಗಿತು. ಹೆಡ್‌ಮಿಸ್ಸಮ್ಮ ಚಪ್ಪಲಿ ಮೆಟ್ಟಿದ ಸದ್ದಿಗೆ ಎಚ್ಚರಗೊಂಡು ಹಿಂದೆ ಹೊರಟರು.

ಮೂರನೇ ಮಹಡಿಯ ಮನೆಯ ಸೊಸೆ ಬಾಗಿಲು ತೆರೆದಳು. ದೂರದ ಊರುಗಳ ಮಕ್ಕಳಿಗೆ ಇಂಟರ್ನೆಟ್‌ನಲ್ಲಿ ಗಣಿತ ಹೇಳಿಕೊಡುವವಳು. ಕಂಪನಿಯ ಹೆಸರೆತ್ತಿದರೆ ಸಾಕು, ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಲೈನು ಹೋದಾಗಲೆಲ್ಲ ಕಸ್ಟಮರ್ ಕೇರ್‌ಗೆ ಫೋನು ಮಾಡಬೇಕು. ಮೊದಲು ಯಂತ್ರ ಮಾತಾಡುತ್ತದೆ, ಆಮೇಲೆ ಅದೇ ಹಳೇ ರಾಗ ಹಾಕಿ ಕಾಯಿಸುತ್ತಾರೆ. ಕಾದು ಕಾದು ಇನ್ನೇನು ಯಾರೋ ಮಾತಾಡಬೇಕು, ಫೋನು ಕಟ್ಟಾಗುತ್ತದೆ. ಆ ರಾಗ ಕೇಳಿದರೆ ತನಗೂ ಗಂಡನಿಗೂ ತಲೆ ಸಿಡಿಯುತ್ತದೆ ಎಂದಳು.

"ಪುಣ್ಯಕ್ಕೆ ಅತ್ತೆ ಇದ್ದಾರೆ. ನೀನು ಹೋಗಿ ನಿನ್ನ ಕೆಲಸ ನೋಡ್ಕೋಮ್ಮ, ಯಾರಾದ್ರೂ ಬಂದ್ರೆ ಕರೀತೀನಿ ಅಂತ ಫೋನ್ ಹಿಡ್ಕೊಂಡು ಕೂತಿರ್ತಾರೆ. ಕಟ್ಟಾದ್ರೆ ಅವರೇ ಮತ್ತೆ ಮಾಡ್ತಾರೆ."

ಪಾಠ ನಡೆಯುವಾಗ ಎಂದಾದರೂ ಲೈನು ಹೋಗಿದೆಯೇ ಎಂದು ಹೆಡ್‌ಮಿಸ್ಸಮ್ಮ ಕೇಳಿದರು. ಸೊಸೆ ಯೋಚಿಸಿ, ಇಲ್ಲ ಎಂದಳು. ಅದೊಂದು ಅದೃಷ್ಟ, ಹೋದರೆ ಮಧ್ಯಾಹ್ನದ ಪಾಠ ಮುಗಿದು ಸಂಜೆಯದು ಶುರುವಾಗುವ ಮೊದಲೇ ಹೋಗುತ್ತದೆ. ತನಗೆ ಅನುಮಾನವಿರುವುದು ಮೇಲಿನ ಮಹಡಿಯ ಕರ್ನಲ್ಲರ ಮೇಲೆ. ಆತ ಸೈನ್ಯದಲ್ಲಿದ್ದವರಲ್ಲ, ಮೀಸೆಯ ದೆಸೆಯಿಂದ ಬಂದ ಹೆಸರು. ನಿನ್ನ ಮಗ್ಗಿ ಕೇಳಿ ಕೇಳಿ ನನಗೆ ನಿದ್ದೆಯಿಲ್ಲ, ಒಂದು ದಿನ ಆ ತಂತಿ ಕಿತ್ತುಹಾಕುತ್ತೇನೆ ಎಂದು ಅವರು ಮೆಟ್ಟಿಲ ಮೇಲೆ ಎಲ್ಲರೆದುರು ಕೂಗಾಡಿದ್ದರು. ತಂತಿ ಇಳಿಯುವುದೂ ಅವರ ಬಾಲ್ಕನಿಯ ಪಕ್ಕದಲ್ಲೇ.

ಈ ಮಾತುಕತೆ ನಡೆಯುವಾಗ ಮೇಷ್ಟ್ರು ಕಿಟಕಿಯ ಬಳಿ ಕೂತಿದ್ದ ಅಜ್ಜಿಯನ್ನು ನೋಡುತ್ತಿದ್ದರು. ಬಿಸಿಲು ಅರ್ಧ ಮುಖದ ಮೇಲೆ ಬಿದ್ದು, ಆಕೆ ಯಾವುದೋ ಹಳೇ ಚಿತ್ರದಿಂದ ಈಗಷ್ಟೇ ಎದ್ದು ಬಂದವರ ಹಾಗೆ ಕಾಣುತ್ತಿದ್ದರು. ಚಿತ್ರಗಾರನ ಚಾಳಿ, ಮೇಷ್ಟ್ರು ಜೇಬಿನಿಂದ ಪೆನ್ಸಿಲ್ ತೆಗೆದು ಒಂದು ಚೂರು ಕಾಗದದ ಮೇಲೆ ಆ ಮುಖ ಬರೆದುಕೊಂಡರು. ಎಡ ದವಡೆಯ ಕೆಳಗೆ, ಕತ್ತಿನ ಮೇಲೆ, ಮಾಸಿದ ಕಂದು ಗುರುತಿತ್ತು. ಹುಟ್ಟು ಮಚ್ಚೆ ಇರಬೇಕು ಎಂದುಕೊಂಡು ಅದನ್ನೂ ಮೂಡಿಸಿದರು. ಎಡಗೈಯ ಬೆರಳುಗಳು ಕುರ್ಚಿಯ ತೋಳಿನ ಮೇಲೆ ಒಂದಾದ ಮೇಲೊಂದು ಒತ್ತಿ ಏಳುತ್ತಿದ್ದವು, ಪಾಪ, ವಯಸ್ಸಿನ ನಡುಕ.

ಬಾಲ್ಕನಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ನಾಲ್ಕು ಹೂಕುಂಡ, ಗೋಡೆಗುಂಟ ಇಳಿದ ತೆಳ್ಳನೆಯ ಬಿಳಿ ತಂತಿ. ಒಂದು ಕುಂಡದ ಅಂಚಿಗೆ ಹಳದಿ ಬಣ್ಣದ ಬಟ್ಟೆ ಕ್ಲಿಪ್ಪು ಕಚ್ಚಿಕೊಂಡಿತ್ತು. ಹಸಿರಿನ ನಡುವೆ ಆ ಹಳದಿ ಎಷ್ಟು ಚೆನ್ನಾಗಿದೆ ಎಂದು ಮೇಷ್ಟ್ರು ತಲೆದೂಗಿದರು. ಬಟ್ಟೆ ಎಲ್ಲಿ ಒಣಗಿಸುತ್ತೀರಿ ಎಂದು ಹೆಡ್‌ಮಿಸ್ಸಮ್ಮ ಸೊಸೆಯನ್ನು ಕೇಳಿದರು. ಎಲ್ಲರ ಹಾಗೆ ತಾರಸಿಯಲ್ಲೇ ಎಂದಳು.

ಹೊರಡುವ ಮುನ್ನ ಹೆಡ್‌ಮಿಸ್ಸಮ್ಮ ಒಂದು ಕೋರಿಕೆ ಮುಂದಿಟ್ಟರು. ಈಗಲೇ ಒಮ್ಮೆ ಕಸ್ಟಮರ್ ಕೇರ್‌ಗೆ ಫೋನು ಮಾಡು, ಕೇಳೋಣ. ಸೊಸೆ ಸ್ಪೀಕರ್ ಹಾಕಿ ಮಾಡಿದಳು. ಡಬ್ಬಿಯ ಮೇಲೆ ಹಸಿರು ದೀಪ ಉರಿಯುತ್ತಿತ್ತು. ನಿಮ್ಮ ಸಂಪರ್ಕ ಪರೀಕ್ಷಿಸಲಾಗಿದೆ, ಯಾವುದೇ ತೊಂದರೆ ಕಂಡುಬಂದಿಲ್ಲ, ಧನ್ಯವಾದಗಳು ಎಂದು ಯಂತ್ರ ಹೇಳಿ ತಾನೇ ಫೋನಿಟ್ಟಿತು. ರಾಗವೂ ಇಲ್ಲ, ಕಾಯುವುದೂ ಇಲ್ಲ. ಕಿಟಕಿಯ ಬಳಿ ಅಜ್ಜಿಯ ಬೆರಳುಗಳು ನಿಂತಿದ್ದವು.

ಕರ್ನಲ್ಲರು ಬನಿಯನ್ನಿನಲ್ಲೇ ಬಾಗಿಲು ತೆರೆದರು. ತನ್ನ ಮೇಲೆ ಅನುಮಾನವಿದೆ ಎಂದು ತಿಳಿದು ಮೀಸೆ ಇನ್ನಷ್ಟು ನಿಮಿರಿತು. ತಂತಿ ಕೀಳುವವನಾಗಿದ್ದರೆ ಪಾಠದ ಹೊತ್ತಿಗೆ ಸರಿಯಾಗಿ ಕೀಳುತ್ತಿದ್ದೆ, ಪಾಠ ಮುಗಿದ ಮೇಲೆ ಕಿತ್ತು ಏನು ಸುಖ ಎಂದರು. ಆ ಮಾತಿನಲ್ಲಿ ಅರ್ಥವಿತ್ತು. ಆಮೇಲೆ ತಮ್ಮದೇ ಗೋಳು ತೋಡಿಕೊಂಡರು. ಪಾಠ ಮುಗಿಯಿತು, ಮಲಗೋಣ ಎಂದರೆ ಕೆಳಗಿನ ಬಾಲ್ಕನಿಯಿಂದ ಆ ಫೋನಿನ ರಾಗ ಏಳುತ್ತದೆ.

"ಅರ್ಧಕ್ಕೆ ನಿಲ್ಲುತ್ತೆ, ಮತ್ತೆ ಮೊದಲಿಂದ ಶುರು. ಮತ್ತೆ ಅರ್ಧಕ್ಕೆ ನಿಲ್ಲುತ್ತೆ. ಒಂದು ಸಲ ಪೂರ್ತಿ ಆಗಿಬಿಟ್ಟರೆ ಆಮೇಲೆ ತಣ್ಣಗಿರುತ್ತೆ. ಪೂರ್ತಿ ಆಗ್ಲಪ್ಪಾ ಅಂತ ನಾನೇ ಬೇಡ್ಕೊಳ್ತಾ ಮಲಗಿರ್ತೀನಿ."

ಹೆಡ್‌ಮಿಸ್ಸಮ್ಮ ಮೆಟ್ಟಿಲಿಳಿಯತೊಡಗಿದರು. ಕರ್ನಲ್ಲರೇ ಕಳ್ಳರು, ಮೀಸೆಯೇ ಹೇಳುತ್ತದೆ ಎಂದು ಮೇಷ್ಟ್ರು ತಮ್ಮ ತೀರ್ಪು ಕೊಟ್ಟರು. ಹೆಡ್‌ಮಿಸ್ಸಮ್ಮ ಅದಕ್ಕೆ ಕಿವಿಗೊಡದೆ, ನೀವು ಬರೆದುಕೊಂಡ ಚಿತ್ರ ಕೊಡಿ ಎಂದು ಕೈಚಾಚಿದರು. ಮನೆಗೆ ಬಂದು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಮರುದಿನ ಅದೇ ಜೊಂಪಿನ ಹೊತ್ತು. ಸೊಸೆ ಇಳಿದು ಬಂದು, ಮತ್ತೆ ಕೆಂಪು ದೀಪ, ಅತ್ತೆ ಫೋನು ಹಿಡಿದು ಕೂತಿದ್ದಾರೆ ಎಂದಳು. ಮೂವರೂ ಮೆಟ್ಟಿಲು ಹತ್ತತೊಡಗಿದರು. ಎರಡನೇ ಮಹಡಿ ದಾಟುವಾಗ ರಾಗ ಕೇಳಿಸಿತು. ಹೆಡ್‌ಮಿಸ್ಸಮ್ಮ ಕೈಯೆತ್ತಿ ಎಲ್ಲರನ್ನೂ ಅಲ್ಲೇ ನಿಲ್ಲಿಸಿದರು.

ಫೋನಿನ ಸಣ್ಣ ಗಂಟಲಿನಿಂದ ಬರುತ್ತಿದ್ದ ರಾಗ ಮೆಟ್ಟಿಲುಗುಂಟ ನಿಧಾನವಾಗಿ ಇಳಿದು ಬಂತು. ಮೊದಲು ಹಲವು ವಾದ್ಯಗಳು ಗುಂಪಾಗಿ ನಡೆಯುತ್ತಿದ್ದವು. ನಡುವೆ ಒಮ್ಮೆ ನಿಂತುಹೋಗಿ, ಮತ್ತೆ ಮೊದಲಿನಿಂದ ಶುರುವಾಯಿತು. ಮೇಷ್ಟ್ರು ಮೆಟ್ಟಿಲ ಕಂಬಿಗೆ ಒರಗಿ ಕಣ್ಣು ಮುಚ್ಚಿದರು. ಈ ಸಲ ಗುಂಪು ಸರಿದು, ಒಂದೇ ಒಂದು ಪಿಟೀಲು ಎದ್ದಿತು. ಮೇಲಿನ ಸ್ವರಕ್ಕೆ ಅದು ಒಂದು ಕ್ಷಣ ತಡವಾಗಿ ಹತ್ತಿತು, ಹತ್ತಿದ ಮೇಲೆ ಇಳಿಯಲು ಮನಸ್ಸಿಲ್ಲದೆ ಅಲ್ಲೇ ತೇಲಿತು. ಮೇಷ್ಟರಿಗೆ ತಾನು ಹುಡುಕುತ್ತಿದ್ದ ನೀಲಿ ಕಂಡಂತಾಯಿತು. ತನಗೆ ಯಾಕೆ ಅಳು ಬರುತ್ತಿದೆ ಎಂದು ಅವರಿಗೆ ತಿಳಿಯಲಿಲ್ಲ.

ರಾಗ ಮುಗಿಯಿತು. ಬಾಲ್ಕನಿಯ ಕಡೆಯಿಂದ ಟಿಕ್ ಎಂದು ಸಣ್ಣ ಸದ್ದು ಬಂತು. ಇವರು ಒಳಗೆ ಕಾಲಿಡುವ ಹೊತ್ತಿಗೆ ಡಬ್ಬಿಯ ದೀಪ ಹಸಿರಾಗಿತ್ತು. ಅಜ್ಜಿ ಕಿಟಕಿಯ ಬಳಿ ಕೂತಿದ್ದರು. ಹೆಡ್‌ಮಿಸ್ಸಮ್ಮ ದೀಪವನ್ನೊಮ್ಮೆ, ಅಜ್ಜಿಯನ್ನೊಮ್ಮೆ ನೋಡಿ ಹಿಂತಿರುಗಿದರು.

ಆದರೆ ದೂರು ಹೋಗಿಯಾಗಿತ್ತು. ಸಂಜೆಯೊಳಗೆ ಲೈನ್‌ಮನ್ ಬಂದು, ನಾಳೆ ಮೇಲ್ವಿಚಾರಕರು ಬರುತ್ತಾರೆ, ಅವರೆದುರೇ ಸಲಕರಣೆಯ ಬ್ಯಾಗು ಒಪ್ಪಿಸಿ ಕೆಲಸ ಬಿಡಬೇಕಂತೆ ಎಂದು ಹೇಳಿ ಸ್ಟೂಲಿನ ಮೇಲೆ ಕುಸಿದ. ಆ ಬ್ಯಾಗಿನಲ್ಲೇ ತನ್ನ ಅನ್ನವಿದೆ ಎಂಬಂತೆ ಅದನ್ನು ತೊಡೆಯ ಮೇಲಿಟ್ಟು ಅಪ್ಪಿ ಹಿಡಿದಿದ್ದ. ನಾಳೆ ಮೂರನೇ ಮಹಡಿಗೇ ಎಲ್ಲರೂ ಬರಲಿ ಎಂದರು ಹೆಡ್‌ಮಿಸ್ಸಮ್ಮ.

ಮರುದಿನ ಮಧ್ಯಾಹ್ನ ಆ ಮನೆಯ ನಡುಕೋಣೆ ತುಂಬಿತು. ಕೆಲಸಕ್ಕೆ ರಜೆ ಹಾಕಿ ಬಂದ ಅಜ್ಜಿಯ ಮಗ ತೋಳು ಕಟ್ಟಿ ನಿಂತಿದ್ದ. ಈ ಸಲ ಕಂಪನಿಯ ಗ್ರಹಚಾರ ಬಿಡಿಸುತ್ತೇನೆ ಎಂದು ಅವನು ಬೆಳಿಗ್ಗೆಯಿಂದ ಕುದಿಯುತ್ತಿದ್ದ. ಸೊಸೆ ಅವನ ಪಕ್ಕ, ಕರ್ನಲ್ಲರು ಬಾಗಿಲಿಗೆ ಅಡ್ಡಲಾಗಿ, ಮೇಲ್ವಿಚಾರಕರು ಸೋಫಾದ ತುದಿಯಲ್ಲಿ. ಲೈನ್‌ಮನ್ ಗೋಡೆಗೆ ಅಂಟಿಕೊಂಡು ನಿಂತಿದ್ದ. ಅಜ್ಜಿ ಎಂದಿನಂತೆ ಕಿಟಕಿಯ ಬಳಿ. ಮೇಷ್ಟ್ರು ಬಾಲ್ಕನಿಯ ಹತ್ತಿರದ ಮೂಲೆ ಹಿಡಿದರು.

ಹೆಡ್‌ಮಿಸ್ಸಮ್ಮ ಪಾಠ ಶುರುಮಾಡುವ ದನಿಯಲ್ಲೇ ಮೊದಲು ಮಾಡಿದರು. ಶಾಲೆಯಲ್ಲಿ ಯಾರು ಮಾಡಿದಿರಿ ಎಂದು ತಾನು ಯಾವತ್ತೂ ಕೇಳಿದವಳಲ್ಲ, ಮಾಡಿದವರಿಗೆ ಏನು ಸಿಕ್ಕಿತು ಎಂದು ಕೇಳಿಕೊಳ್ಳುತ್ತಿದ್ದೆ ಎಂದರು. ಇಲ್ಲಿ ಲೈನು ಹೋದರೆ ಕರ್ನಲ್ಲರಿಗೆ ಏನೂ ಸಿಗುವುದಿಲ್ಲ, ಪಾಠ ನಿಲ್ಲುವುದಿಲ್ಲವಲ್ಲ. ಹಾಗೆ ನೋಡಿದರೆ ಲೈನು ತೆಗೆಯುವವರು ಪಾಠ ಮುಗಿಯುವ ತನಕ ಕಾಯುತ್ತಿದ್ದಾರೆ. ಅಂದರೆ ಈ ಮನೆಯ ಸೊಸೆಗೆ ಕೆಡುಕು ಬಯಸದವರು, ಪಾಠದ ಹೊತ್ತು ಬಲ್ಲವರು. ಲೈನ್‌ಮನ್ನನಿಗೂ ಲಾಭವಿಲ್ಲ, ಅವನ ತಲೆಯೇ ಹೋಗುತ್ತಿದೆ. ಡಬ್ಬಿಯ ಟೇಪು ಬಿಚ್ಚಿಲ್ಲ, ತಂತಿ ಹರಿದಿಲ್ಲ. ಹರಿಯದೆ ಬೆಳಕು ನಿಲ್ಲಿಸುವ ಉಪಾಯ ಒಂದೇ, ತಂತಿಯನ್ನು ಮಡಿಚಿ ಹಿಡಿಯುವುದು. ಬಟ್ಟೆಯೇ ಒಣಗದ ಬಾಲ್ಕನಿಯಲ್ಲಿ ಒಂದು ಬಟ್ಟೆ ಕ್ಲಿಪ್ಪು ಇದೆ. ಕಚ್ಚಿಸಿದರೆ ಕೆಂಪು, ತೆಗೆದರೆ ಹಸಿರು.

ಮಗ ಏನೋ ಹೇಳಲು ಬಾಯಿ ತೆರೆದ. ಸೊಸೆ ಅವನ ಕೈ ಹಿಡಿದು ತಡೆದಳು, ಅವಳಿಗೆ ಅರ್ಥವಾಗತೊಡಗಿತ್ತು.

ಲೈನು ಹೋದಾಗ ಈ ಮನೆಗೆ ಬರುವುದು ಒಂದೇ ಒಂದು, ಅದು ಕಸ್ಟಮರ್ ಕೇರ್‌ನ ರಾಗ, ಎಂದು ಹೆಡ್‌ಮಿಸ್ಸಮ್ಮ ಮುಂದುವರಿಸಿದರು. ದೀಪ ಹಸಿರಾಗಿದ್ದಾಗ ಫೋನು ಮಾಡಿದರೆ ಯಂತ್ರ ಎಲ್ಲ ಸರಿಯಿದೆ ಎಂದು ಇಟ್ಟುಬಿಡುತ್ತದೆ. ಲೈನು ನಿಜವಾಗಿಯೂ ಸತ್ತಿದ್ದರೆ ಮಾತ್ರ ದೂರು ಬರೆದುಕೊಂಡು, ಸಾಲಿನಲ್ಲಿ ನಿಲ್ಲಿಸಿ, ರಾಗ ಹಾಕುತ್ತದೆ. ಯಾರಾದರೂ ಬೇಗ ಮಾತಿಗೆ ಬಂದುಬಿಟ್ಟರೆ ರಾಗ ಅರ್ಧಕ್ಕೇ ನಿಲ್ಲುತ್ತದೆ, ಆಗ ಇಲ್ಲಿಂದ ಫೋನು ಕಟ್ಟಾಗುತ್ತದೆ. ಅದಕ್ಕೇ ಮಧ್ಯಾಹ್ನ ಬೇಕು, ಆ ಹೊತ್ತು ಕಂಪನಿಗೆ ಫೋನು ಹೆಚ್ಚು, ಕಾಯುವುದೂ ಹೆಚ್ಚು. ಒಂದು ಸಲ ಪೂರ್ತಿ ಕೇಳಿದರೆ ಸಾಕು, ಕ್ಲಿಪ್ಪು ತೆಗೆಯುತ್ತಾರೆ. ಮನೆಮಂದಿಯೆಲ್ಲ ಶಪಿಸುವ ರಾಗ ಅದು, ಶಪಿಸದವರು ಒಬ್ಬರೇ. ಮೇಷ್ಟ್ರು ಬರೆದ ಚಿತ್ರದಲ್ಲಿ ಅವರ ದವಡೆಯ ಕೆಳಗೊಂದು ಗುರುತಿದೆ. ವರ್ಷಾನುಗಟ್ಟಲೆ ಪಿಟೀಲನ್ನು ಕತ್ತಿಗೆ ಒತ್ತಿ ಹಿಡಿದು ನುಡಿಸಿದವರಿಗೆ ಬರುವ ಗುರುತು ಅದು.

ತಾನು ಮಚ್ಚೆ ಎಂದು ಮೂಡಿಸಿದ್ದು ಅದನ್ನೇ ಎಂದು ಮೇಷ್ಟರಿಗೆ ಆಗ ಹೊಳೆಯಿತು. ಬೆರಳುಗಳ ನಡುಕವೆಂದು ಬಗೆದದ್ದು ನಡುಕವಾಗಿರಲಿಲ್ಲ.

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಅಜ್ಜಿ ತಲೆ ತಗ್ಗಿಸಲಿಲ್ಲ.

"ಮದುವೆಗೆ ಮುಂಚೆ ಒಂದು ದಿನ ಸ್ಟುಡಿಯೋಗೆ ಕರ್ಕೊಂಡು ಹೋಗಿ ಪಿಟೀಲು ನುಡಿಸು ಅಂದ್ರು, ರೆಕಾರ್ಡ್ ಮಾಡ್ಕೊಂಡ್ರು. ಯಾರಿಗೆ, ಯಾತಕ್ಕೆ ಅಂತ ಹೇಳ್ಲಿಲ್ಲ. ಆಮೇಲೆ ಮದುವೆ ಆಯ್ತು, ಊರು ಬದಲಾಯ್ತು, ಪಿಟೀಲು ಅಲ್ಲೇ ಉಳೀತು. ಆವತ್ತು ಗಾಳಿಗೆ ತಂತಿ ಹರಿದಾಗ ನೀನು ಸ್ಪೀಕರ್ ಹಾಕಿದ್ಯಲ್ಲ, ಆಗ ಕೇಳಿಸ್ತು," ಎಂದು ಮಗನ ಕಡೆ ನೋಡಿದರು. "ಮೇಲಿನ ಸ್ವರಕ್ಕೆ ನಾನು ಸ್ವಲ್ಪ ತಡ ಮಾಡಿದ್ದೆ. ಇನ್ನೊಂದು ಸಲ ನುಡಿಸ್ತೀನಿ ಅಂದೆ, ಹೊತ್ತಿಲ್ಲ ಅಂದ್ರು. ಆ ತಪ್ಪು ಹಾಗೇ ಇದೆ ಕಣೋ. ಅದನ್ನ ಕೇಳಿದಾಗ್ಲೇ ಇದು ನಾನು ಅಂತ ಗೊತ್ತಾಗಿದ್ದು."

"ನಮಗೆ ಹೇಳಬಾರದಾಗಿತ್ತಾ ಅಮ್ಮ?" ಮಗನ ದನಿ ಸಣ್ಣದಾಗಿತ್ತು.

"ಹೇಳಿದ್ರೆ ಒಂದು ಸಲ ಕೇಳಿ, ಚೆನ್ನಾಗಿದೆ ಅಂತಿದ್ರಿ. ಅಲ್ಲಿಗೆ ಮುಗೀತಿತ್ತು."

ಆಮೇಲೆ ಅಜ್ಜಿ ಗೋಡೆಗೆ ಅಂಟಿಕೊಂಡಿದ್ದ ಲೈನ್‌ಮನ್ನನ ಕಡೆ ತಿರುಗಿದರು. ದೂರುಗಳೆಲ್ಲ ಒಬ್ಬನ ತಲೆಗೆ ಬರುತ್ತವೆ ಎಂದು ತನಗೆ ಗೊತ್ತಿರಲಿಲ್ಲ, ಕಂಪನಿ ಎಂದರೆ ಬರೀ ಯಂತ್ರ ಅಂದುಕೊಂಡಿದ್ದೆ ಎಂದರು. "ನೀನು ಲೈನನ್ನ ಅಷ್ಟು ಗಟ್ಟಿಯಾಗಿ ಸರಿ ಮಾಡಿಬಿಟ್ಟೆ ನೋಡಪ್ಪ, ತಾನಾಗಿ ಕೆಡೋ ಹಾಗೇ ಇರಲಿಲ್ಲ." ಲೈನ್‌ಮನ್ನನಿಗೆ ನಗು ಬಂತು, ನಗುತ್ತಲೇ ತೋಳಿನಿಂದ ಕಣ್ಣೊರೆಸಿಕೊಂಡ.

ಮೇಲ್ವಿಚಾರಕರು ಗಂಟಲು ಸರಿಮಾಡಿಕೊಂಡರು. ತನಗೂ ಮನಸ್ಸು ಕರಗಿದೆ, ಆದರೆ ತಾನು ಬಾಯಲ್ಲಿ ಹೇಳಿದರೆ ದೂರು ಅಳಿಯುವುದಿಲ್ಲ. ಗ್ರಾಹಕರೇ ಕಸ್ಟಮರ್ ಕೇರ್‌ಗೆ ಫೋನು ಮಾಡಿ ಹೇಳಬೇಕು, ಆ ಮಾತು ದಾಖಲಾಗಬೇಕು, ಅದೂ ಇವತ್ತೇ. ಹಸಿರು ದೀಪವಿದ್ದರೆ ಫೋನು ಯಾರನ್ನೂ ತಲುಪುವುದಿಲ್ಲವಲ್ಲ ಎಂದು ಸೊಸೆ ನೆನಪಿಸಿದಳು. ಹೆಡ್‌ಮಿಸ್ಸಮ್ಮ ಲೈನ್‌ಮನ್ನನನ್ನು ನೋಡಿದರು. ಅವನು ಬಾಲ್ಕನಿಗೆ ಹೋಗಿ, ತಾನೇ ಎಳೆದ ತಂತಿಯನ್ನು ತಾನೇ ಮಡಿಚಿ ಹಿಡಿದು ನಿಂತ. ದೀಪ ಕೆಂಪಾಯಿತು.

ಈ ಕರೆಯನ್ನು ದಾಖಲಿಸಿಕೊಳ್ಳಲಾಗುತ್ತಿದೆ ಎಂದಿತು ಯಂತ್ರ. ಆ ಮಾತಿಗೆ ಅಜ್ಜಿ ಬೆನ್ನು ನೆಟ್ಟಗೆ ಮಾಡಿ ಕೂತರು. ಸಾಲು ಚಿಕ್ಕದಿತ್ತೋ ಏನೋ, ರಾಗ ಇನ್ನೂ ಗುಂಪಿನಲ್ಲಿ ನಡೆಯುತ್ತಿರುವಾಗಲೇ ಒಬ್ಬ ಹುಡುಗಿಯ ದನಿ ಬಂತು, ನಾನು ಹೇಗೆ ಸಹಾಯ ಮಾಡಲಿ ಎಂದಿತು. ಅಜ್ಜಿಯ ಬೆರಳು ಒಮ್ಮೆ ಫೋನಿನ ಮೇಲೆ ಸುಳಿದಾಡಿದ್ದನ್ನು ಮೇಷ್ಟ್ರು ಕಂಡರು. ಕಟ್ ಮಾಡಲಿಲ್ಲ.

"ಈ ಮನೆಯಿಂದ ಬಂದ ದೂರೆಲ್ಲ ನಾನೇ ಮಾಡಿಸಿದ್ದು ಕಣಮ್ಮ. ಲೈನ್ ಕೆಟ್ಟಿರಲಿಲ್ಲ, ನಾನೇ ಕೆಡಿಸ್ತಿದ್ದೆ. ನಿಮ್ಮ ಹುಡುಗ ಮಾಡಿದ ಕೆಲಸದಲ್ಲಿ ಒಂದು ತಪ್ಪೂ ಇಲ್ಲ. ಹೀಗೇ ಬರ್ಕೋ."

ಆ ಕಡೆಯಿಂದ ಕೀಲಿಮಣೆಯ ಟಕಟಕ ಕೇಳಿಸಿತು. ಇಂಥ ಮಾತು ತನಗೆ ಯಾರೂ ಹೇಳಿಲ್ಲ, ಎಲ್ಲ ದೂರುಗಳನ್ನು ತೆಗೆಸಲು ಹಿರಿಯ ಅಧಿಕಾರಿಯನ್ನು ಕೇಳಬೇಕು, ದಯವಿಟ್ಟು ಸ್ವಲ್ಪ ಕಾಯುತ್ತೀರಾ ಎಂದು ಹುಡುಗಿ ಕೇಳಿದಳು.

"ಎಷ್ಟು ಹೊತ್ತಾದ್ರೂ ಕಾಯ್ತೀನಿ," ಎಂದರು ಅಜ್ಜಿ.

ರಾಗ ಶುರುವಾಯಿತು. ಮಗ ಹತ್ತಿರ ಬಂದು, ಫೋನನ್ನು ತಾಯಿಯ ಕೈಯಿಂದ ಮೆಲ್ಲನೆ ತೆಗೆದುಕೊಂಡು, ಸದ್ದು ಏರಿಸಿದ. ಆಮೇಲೆ ಆಕೆಯ ಕಾಲ ಬಳಿ ನೆಲದ ಮೇಲೆ ಕೂತ.